ನಾಲ್ಕು ಜನರ ಮುಂದೆ ಮಾತಾಡಲು ಮಕ್ಕಳನ್ನು ಅಣಿಗೊಳಿಸುವುದು ಹೇಗೆ

ಆಗಸ್ಟ್ 15ಕ್ಕೆ ಇನ್ನು ಮೂರೇ ದಿನ ಎನ್ನುವಾಗ ಮನೆಯಲ್ಲಿ ಗಡಿಬಿಡಿ ಶುರುವಾಗುತ್ತದೆ. ಮಾಸ್ತರೋ ಅಕ್ಕೋರೋ ಅಪ್ಪನೋ ಒಂದೂವರೆ ಪುಟದ ಭಾಷಣ ಬರೆದುಕೊಡುತ್ತಾರೆ. ಮಗು ಅದನ್ನು ಉರು ಹೊಡೆಯುತ್ತದೆ. ಧ್ವಜ ಹಾರಿಸಿ ಆದಮೇಲೆ ಮೈಕಿನ ಮುಂದೆ ನಿಂತು ನಾಲ್ಕು ಸಾಲು ಸರಾಗವಾಗಿ ಹೇಳುತ್ತದೆ, ಐದನೆಯ ಸಾಲಿನಲ್ಲಿ ಒಂದು ಶಬ್ದ ಮರೆಯುತ್ತದೆ, ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಮಗುವಿಗೆ ಧೈರ್ಯ ಸಾಲದು ಎಂದು ಎಲ್ಲರೂ ಹೇಳಿಬಿಡುತ್ತಾರೆ. ವರ್ಷಕ್ಕೆ ಒಂದೇ ಸಲ, ಅದೂ ಬೇರೆಯವರು ಬರೆದ ಮಾತನ್ನು, ಅದೂ ಇಡೀ ಶಾಲೆಯೆದುರು ಹೇಳಬೇಕೆಂದರೆ ದೊಡ್ಡವರಿಗೂ ನಾಲಿಗೆ ಒಣಗುತ್ತದೆ.

ಸಭಾಕಂಪ ಎನ್ನುವುದು ಮೈಯ ಕೆಲಸ. ಹತ್ತಾರು ಕಣ್ಣು ಒಮ್ಮೆಲೇ ತನ್ನ ಮೇಲೆ ಬಿದ್ದಾಗ ದೇಹ ಅದನ್ನು ಅಪಾಯವೆಂದೇ ಎಣಿಸಿ ಅಡ್ರಿನಲಿನ್ ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಕುತ್ತಿಗೆಯ ಹತ್ತಿರವೇ ಆಡುತ್ತದೆ, ಕೈ ನಡುಗುತ್ತದೆ. "ಹೆದರಬೇಡ" ಎಂದು ಹತ್ತು ಸಲ ಹೇಳಿದರೂ ಇದು ನಿಲ್ಲದು. ಅದೇ ಸಂದರ್ಭ ಮತ್ತೆ ಮತ್ತೆ ಎದುರಾಗಿ, ಪ್ರತಿಸಲವೂ ಏನೂ ಕೆಡುಕಾಗದೆ ಮುಗಿದರೆ ಮಾತ್ರ ದೇಹ ತಾನಾಗಿ ಗಾಬರಿ ಇಳಿಸುತ್ತದೆ. ಆದ್ದರಿಂದ ದಿನಕ್ಕೆ ಹತ್ತು ನಿಮಿಷದಂತೆ ವಾರಕ್ಕೆ ಐದು ದಿನ ಮಾತಾಡಿಸಿ. ಭಾನುವಾರ ಹಿಡಿದು ಕೂರಿಸಿ ಒಂದು ತಾಸು ಮಾಡಿಸಿದರೆ ಮಗುವಿಗೆ ಬೇಸರ ಬರುತ್ತದೆ, ರೂಢಿ ಬೀಳುವುದಿಲ್ಲ.

ಮೊದಲ ಕೇಳುಗರು ಯಾರು?

ಕೈತುಂಬ ಕೆಲಸ ಇರುವವರು. ಸಿರ್ಸಿ, ಸಿದ್ದಾಪುರದ ಕಡೆ ಅಡಿಕೆಗೊನೆಯ ಕೊಯ್ಲು ಆದಮೇಲೆ ಸಂಜೆ ನಾಲ್ಕಾರು ಜನ ಅಡಿಕೆ ಸುಲಿಯಲು ಕೂರುತ್ತಾರಲ್ಲ, ಮಗುವಿಗೆ ಅದಕ್ಕಿಂತ ಒಳ್ಳೆಯ ಸಭೆ ಸಿಗದು. ಎಲ್ಲರ ಕಿವಿ ಮಾತಿನ ಕಡೆ ಇರುತ್ತದೆ, ಕಣ್ಣು ಮಾತ್ರ ಅಡಿಕೆ ಸುಲಿಯುವ ಮೆಟಗತ್ತಿಯ ಮೇಲೆ. ಕರಾವಳಿಯಲ್ಲಿ ಬಲೆ ಸರಿಮಾಡುವವರ ಹತ್ತಿರ ಕೂತರೂ ಹಾಗೆಯೇ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಅಜ್ಜಿಯೂ ಆದೀತು. ಮಗುವನ್ನು ಹೆದರಿಸುವುದು ತನ್ನ ಮೇಲೆ ನೆಟ್ಟ ನೋಟ. ಅದೊಂದು ಇಲ್ಲದಿದ್ದರೆ ತೀರ ಮುದುಡಿಕೊಳ್ಳುವ ಮಗುವೂ ಬಾಯಿ ಬಿಡುತ್ತದೆ.

ಇಲ್ಲಿಂದ ಒಂದೊಂದೇ ಮೆಟ್ಟಿಲು ಏರಿಸಿ. ಮೊದಲು ಕೆಲಸದಲ್ಲಿರುವ ಒಬ್ಬರೆದುರು. ಆಮೇಲೆ ಕೆಲಸ ಬಿಟ್ಟು ಕೂತ ಮನೆಮಂದಿಯೆದುರು. ಮೂರನೆಯದು ಜಗಲಿಯ ಮೇಲೆ, ಪಕ್ಕದ ಮನೆಯ ಐದಾರು ಮಕ್ಕಳನ್ನೂ ಕರೆದು. ನಾಲ್ಕನೆಯದು ತರಗತಿ, ಐದನೆಯದು ಶಾಲೆಯ ಪ್ರಾರ್ಥನೆಯ ಸಾಲು, ಮೈಕು ಕೊನೆಗೆ. ಒಂದು ಮೆಟ್ಟಿಲಿಗೆ ಎಷ್ಟು ದಿನ ಎಂದು ಲೆಕ್ಕ ಇಡಬೇಡಿ. ಮೂರು ಸಲ ಒತ್ತಾಯವಿಲ್ಲದೆ ತಾನಾಗಿ ಎದ್ದುನಿಂತು ಮಾತು ಶುರು ಮಾಡಿತು ಎಂದರೆ ಮುಂದಿನ ಮೆಟ್ಟಿಲಿಗೆ ತಯಾರಾಗಿದೆ ಎಂದರ್ಥ. ಮೇಲಿನ ಮೆಟ್ಟಿಲಿನಲ್ಲಿ ಅತ್ತಿತೋ ಓಡಿತೋ, ಬೈಯದೆ ಒಂದು ಮೆಟ್ಟಿಲು ಕೆಳಗಿಳಿಸಿ ಒಂದು ವಾರ ಅಲ್ಲೇ ನಡೆಸಿ.

ನಂಟರು ಬಂದ ಕೂಡಲೇ "ಬಾರೆ ಇಲ್ಲಿ, ಒಂದು ಭಾಷಣ ಹೇಳು" ಎಂದು ಎಳೆದು ನಿಲ್ಲಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ವಾರಗಟ್ಟಲೆ ಕಟ್ಟಿದ್ದು ಅದೊಂದು ಸಂಜೆಯಲ್ಲಿ ಕುಸಿಯುತ್ತದೆ. ಹೇಳಿಸಲೇಬೇಕು ಎಂದರೆ ಹಿಂದಿನ ದಿನವೇ ಮಗುವನ್ನು ಕೇಳಿ, ಬೇಡ ಎಂದರೆ ಬೇಡ.

ಮನೆಮಾತಿನಲ್ಲೇ ಶುರು ಮಾಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಒಂದು ಹೆಚ್ಚಿನ ಹೊರೆ ಇದೆ. ಮನೆಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ. ವೇದಿಕೆ ಕೇಳುವುದು ಪುಸ್ತಕದ ಕನ್ನಡವನ್ನು. ಹೆದರಿಕೆ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ದಾಟು ಎಂದರೆ ಮಗು ಎರಡರಲ್ಲೂ ಸೋಲುತ್ತದೆ. ಮೊದಲ ಮೂರು ವಾರ ಮನೆಮಾತಿನಲ್ಲೇ ಮಾತಾಡಲಿ. "ಆನು ನಿನ್ನೆ ತೋಟಕ್ಕೆ ಹೋಗಿದ್ದಿ" ಎಂದೇ ಹೇಳಲಿ. ಮಾತು ತಡೆಯಿಲ್ಲದೆ ಬರತೊಡಗಿದ ಮೇಲೆ ಅದೇ ವಿಷಯವನ್ನು "ನಾನು ನಿನ್ನೆ ತೋಟಕ್ಕೆ ಹೋಗಿದ್ದೆ" ಎಂದು ಶಾಲೆಯ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿ. ವಿಷಯ ಹಳೆಯದು, ಭಾಷೆಯಷ್ಟೇ ಹೊಸದು ಆದ್ದರಿಂದ ತಡವರಿಕೆ ಕಡಿಮೆ. ಮನೆಮಾತಿನ ಶಬ್ದ ಬಾಯಿತಪ್ಪಿ ಬಂದರೆ ನಗಬೇಡಿ, ಬೇರೆಯವರಿಗೂ ನಗಲು ಬಿಡಬೇಡಿ. ಒಂದು ನಗೆಗೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡ ಮಕ್ಕಳಿದ್ದಾರೆ.

ಹತ್ತು ನಿಮಿಷದಲ್ಲಿ ಏನು ಮಾಡಿಸಬೇಕು?

ಮೊದಲ ಎರಡು ನಿಮಿಷ ದನಿ. ಬೆನ್ನು ನೆಟ್ಟಗೆ ಮಾಡಿ ನಿಂತು ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಐದು ಸಲ ಸಾಕು. ಆಮೇಲೆ "ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಎನ್ನುವಂಥ ನಾಲಿಗೆ ತಿರುವಿನ ಸಾಲನ್ನು ಮೊದಲು ನಿಧಾನ, ಆಮೇಲೆ ಬೇಗ. ಶ, ಷ, ಸ ಒಂದೇ ಆಗಿಬಿಡುವ ಮಕ್ಕಳಿಗೆ ದಿನಕ್ಕೆ ಐದು ಶಬ್ದ ಬರೆದುಕೊಟ್ಟು ಓದಿಸಿ: ಶಾಲೆ, ಭಾಷೆ, ಸಾಲು, ವಿಷಯ, ಆಕಾಶ. ಮಹಾಪ್ರಾಣಕ್ಕೂ ಹೀಗೆಯೇ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತಾಡಿಸುವುದು ಒಳ್ಳೆಯ ಸಾಧನೆ. ಆ ಸದ್ದನ್ನು ದಾಟಿ ಜಗಲಿಯ ಆ ತುದಿಗೆ ಕೇಳಬೇಕೆಂದರೆ ಹೊಟ್ಟೆಯಿಂದ ಉಸಿರು ಎಳೆಯಲೇಬೇಕು. ಆದರೆ ಗಂಟಲು ಉಜ್ಜಿದಂತಾದರೆ ಅಲ್ಲಿಗೇ ನಿಲ್ಲಿಸಿ. ಅದು ಕಿರುಚಾಟ ಆಗುತ್ತಿದೆ, ದನಿ ಒಡೆಯುತ್ತದೆ.

ನಂತರದ ಐದು ನಿಮಿಷ ಮಾತು. ಸೋಮವಾರ, ಬುಧವಾರ ಗಟ್ಟಿಯಾಗಿ ಓದು: ದಿನಪತ್ರಿಕೆಯ ಒಂದು ಸುದ್ದಿ ಅಥವಾ ಪಾಠದ ಅರ್ಧ ಪುಟ. ಮಂಗಳವಾರ ಇವತ್ತು ನಡೆದದ್ದನ್ನು ಹೇಳುವುದು. ಗುರುವಾರ ಆಶುಭಾಷಣ: ಡಬ್ಬದಲ್ಲಿ ಹಾಕಿದ ಚೀಟಿ ಎತ್ತಿ, ಮೂವತ್ತು ಸೆಕೆಂಡ್ ಯೋಚಿಸಿ, ಒಂದು ನಿಮಿಷ ಮಾತು. ಚೀಟಿಯಲ್ಲಿ "ಸಮಯದ ಮಹತ್ವ" ಎಂದೆಲ್ಲ ಬರೆಯಬೇಡಿ, ಒಂಬತ್ತು ವರ್ಷದ ಹುಡುಗಿಗೆ ಅದರ ಬಗ್ಗೆ ಹೇಳಲು ಏನೂ ಇರುವುದಿಲ್ಲ. "ಅಪ್ಪೆಮಿಡಿ", "ಬಸ್ ಸ್ಟ್ಯಾಂಡ್", "ಕರೆಂಟ್ ಹೋದ ರಾತ್ರಿ", "ಮಾರಿ ಜಾತ್ರೆಯ ತೊಟ್ಟಿಲು" ಎಂದು ಬರೆಯಿರಿ, ಮಾತು ತಾನಾಗಿ ಬರುತ್ತದೆ. ಶನಿವಾರ ಪೂರ್ತಿ ಭಾಷಣ, ನಿಂತುಕೊಂಡು, ಕೇಳುಗರೆದುರು.

ಉಳಿದ ಮೂರು ನಿಮಿಷ ಕೇಳಿದವರು ಪ್ರಶ್ನೆ ಕೇಳುವುದಕ್ಕೆ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಪ್ರಶ್ನೆಗೆ ಉತ್ತರ ಹೇಳುವಾಗ ಮಗು ಬಾಯಿಪಾಠ ಮರೆತು ನಿಜವಾಗಿ ಮಾತಾಡುತ್ತದೆ. ಆ ದನಿ, ಆ ಮುಖಭಾವ ಭಾಷಣದಲ್ಲೂ ಬರಬೇಕು ಎಂದು ಅದಕ್ಕೇ ತೋರಿಸಿಕೊಡಬಹುದು.

ವಯಸ್ಸು ನೋಡಿ ಅವಧಿ ಇಡಿ. ಏಳು ವರ್ಷದ ಒಳಗಿನವರಿಗೆ ಭಾಷಣವೇ ಬೇಡ, ಒಂದು ನಿಮಿಷದ ಕಥೆ ಸಾಕು. ಎಂಟರಿಂದ ಹತ್ತು ವರ್ಷದವರಿಗೆ ಎರಡು ನಿಮಿಷ, ಅದಕ್ಕಿಂತ ದೊಡ್ಡವರಿಗೆ ಮೂರರಿಂದ ನಾಲ್ಕು. ಕನ್ನಡದಲ್ಲಿ ಮಕ್ಕಳು ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ ಸುಮಾರು ಎಂಬತ್ತು ಶಬ್ದ, ಅಂದರೆ ಮೂರು ನಿಮಿಷಕ್ಕೆ 240 ಶಬ್ದ ಬೇಕಾದಷ್ಟಾಯಿತು. ಐನೂರು ಶಬ್ದ ಬರೆದುಕೊಟ್ಟು ಮೂರು ನಿಮಿಷದಲ್ಲಿ ಮುಗಿಸು ಎಂದರೆ ಮಗು ರೈಲಿನಂತೆ ಓಡುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಭಾಷಣ ಬರೆದುಕೊಡಬೇಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಬೇರೆಯವರು ಬರೆದದ್ದನ್ನು ಹೇಳುವ ಮಗುವಿನ ಗಮನವೆಲ್ಲ ಮುಂದಿನ ಶಬ್ದ ಯಾವುದು ಎಂಬುದರ ಮೇಲೇ ಇರುತ್ತದೆ. ತನಗೆ ಗೊತ್ತಿದ್ದದ್ದನ್ನು ಹೇಳುವ ಮಗು ಒಂದು ಶಬ್ದ ಸಿಗದಿದ್ದರೆ ಇನ್ನೊಂದು ಹಾಕಿ ಮುಂದೆ ಹೋಗುತ್ತದೆ.

ಕಾರವಾರದ ಬಂದರಿನ ಹತ್ತಿರದ ಒಬ್ಬ ನಾಲ್ಕನೇ ಇಯತ್ತೆ ಹುಡುಗ "ಮೀನುಗಾರಿಕೆ" ಎಂಬ ವಿಷಯದ ಮೇಲೆ ಮಾತಾಡಬೇಕು ಎಂದಿಟ್ಟುಕೊಳ್ಳಿ. ದೊಡ್ಡವರು ಬರೆದರೆ ಮೊದಲ ಸಾಲು "ಮೀನುಗಾರಿಕೆಯು ನಮ್ಮ ದೇಶದ ಪ್ರಮುಖ ಉದ್ಯೋಗಗಳಲ್ಲಿ ಒಂದಾಗಿದೆ" ಎಂದು ಬರುತ್ತದೆ. ಪೆನ್ನು ಕೆಳಗಿಟ್ಟು ಹುಡುಗನನ್ನೇ ಕೇಳಿ. ಅಪ್ಪ ಈಗ ಯಾಕೆ ಮನೆಯಲ್ಲಿದ್ದಾರೆ? ದೋಣಿ ಬಂದ್ ಇದೆ. ಎಂದಿನಿಂದ ಎಂದಿನವರೆಗೆ? ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಯಾಕೆ? ಮೀನು ಮೊಟ್ಟೆ ಇಡುವ ಕಾಲ, ಆಗ ಹಿಡಿದರೆ ಮುಂದೆ ಮೀನು ಸಿಗುವುದಿಲ್ಲ. ಅಷ್ಟು ದಿನ ಅಪ್ಪ ಏನು ಮಾಡುತ್ತಾರೆ? ಬಲೆ ಸರಿ ಮಾಡುತ್ತಾರೆ, ದೋಣಿಗೆ ಬಣ್ಣ ಹೊಡೆಯುತ್ತಾರೆ. ನಿನಗೆ ಏನನಿಸುತ್ತದೆ? ಅಪ್ಪ ಮನೆಯಲ್ಲಿದ್ದರೆ ಖುಷಿ, ಆದರೆ ದುಡ್ಡಿಗೆ ತೊಂದರೆ.

ಭಾಷಣ ಸಿದ್ಧವಾಯಿತು. ಮೊದಲ ಸಾಲು "ಜೂನ್ ಒಂದರಿಂದ ನಮ್ಮ ಅಪ್ಪ ಸಮುದ್ರಕ್ಕೆ ಹೋಗುವುದಿಲ್ಲ." ಕೇಳುವವರಿಗೆ ಯಾಕೆ ಎಂದು ತಿಳಿಯುವ ಆಸೆ ಹುಟ್ಟುತ್ತದೆ. ಕೊನೆಯ ಸಾಲು ಆಗಸ್ಟ್ ಒಂದಕ್ಕೆ ದೋಣಿ ಇಳಿಯುವುದು. ಈ ಎರಡು ಸಾಲನ್ನು ಮಾತ್ರ ಬಾಯಿಪಾಠ ಮಾಡಿಸಿ. ನಡುವಿನದಕ್ಕೆ ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದದ ಮೇಲೆ ಮೂರೇ ಶಬ್ದ: 61 ದಿನ, ಮೊಟ್ಟೆ, ಬಲೆ. ತೆಳು ಹಾಳೆ ಬೇಡ. ಕೈ ಸ್ವಲ್ಪ ನಡುಗಿದರೂ ಅದು ಪರಪರ ಎನ್ನುತ್ತದೆ, ಆ ಸದ್ದು ಕೇಳಿ ಮಗು ಇನ್ನಷ್ಟು ಗಾಬರಿಯಾಗುತ್ತದೆ.

ಸ್ವಾತಂತ್ರ್ಯ ದಿನಕ್ಕೂ ಇದೇ ಕ್ರಮ. ಎಲ್ಲರೂ ಹೇಳುವ ಅದೇ ಹೆಸರುಗಳ ಬದಲು 1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ತೆಗೆದುಕೊಳ್ಳಿ. ಮಗುವನ್ನು ಆ ಊರಿಗೇ ಕರೆದುಕೊಂಡು ಹೋಗಿ ತೋರಿಸಬಹುದು. ಪರಿಸರದ ವಿಷಯ ಬಂದರೆ 1983ರ ಸೆಪ್ಟೆಂಬರಿನಲ್ಲಿ ಸಿರ್ಸಿ ತಾಲೂಕಿನ ಸಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತ ಅಪ್ಪಿಕೋ ಚಳವಳಿ ಇದೆ. ಅದನ್ನು ಕಂಡ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ, ಮಗುವೇ ಹೋಗಿ ಕೇಳಿಕೊಂಡು ಬರಲಿ. ಕೇಳಿ ತಂದ ಒಂದು ವಿವರ ಗೂಗಲ್‌ನಿಂದ ಇಳಿಸಿದ ಒಂದು ಪುಟಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಆರಂಭದ ಸಂಬೋಧನೆಯನ್ನು ಮೊಟಕು ಮಾಡಿ. "ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ತೀರ್ಪುಗಾರರೇ..." ಎಂದು ಹೋದರೆ ಅರ್ಧ ನಿಮಿಷ ಅಲ್ಲೇ ಕಳೆಯುತ್ತದೆ. "ಎಲ್ಲರಿಗೂ ನಮಸ್ಕಾರ" ಎಂದು ಒಂದು ಉಸಿರು ಬಿಟ್ಟು ವಿಷಯಕ್ಕೆ ಬರಲಿ.

ನಿಲುವು, ಕಣ್ಣು, ಕೈ

ಕಾಲುಗಳ ನಡುವೆ ಒಂದು ಗೇಣು ಅಂತರ ಇದ್ದರೆ ಮೈ ತೂಗಾಡುವುದಿಲ್ಲ. ಕೈ ಏನು ಮಾಡಬೇಕು ಎಂದು ಕಲಿಸಲು ಹೋಗಬೇಡಿ. ಕಲಿಸಿದ ಕೈಸನ್ನೆ ಮಾತಿಗಿಂತ ಮುಂಚೆಯೋ ಆಮೇಲೋ ಬಂದು ಚಂದಗೆಡಿಸುತ್ತದೆ. ಕಣ್ಣಿಗೆ ಮಾತ್ರ ತರಬೇತಿ ಬೇಕು. ತಲೆಗಳ ಮೇಲೆ ಗೋಡೆ ನೋಡು ಎಂದು ಹೇಳಿಕೊಡುವವರಿದ್ದಾರೆ, ಅದು ತಪ್ಪು. ಗೋಡೆ ತಲೆಯಾಡಿಸುವುದಿಲ್ಲ, ನಗುವುದಿಲ್ಲ. ಎಡಕ್ಕೊಬ್ಬರು, ನಡುವೆ ಒಬ್ಬರು, ಬಲಕ್ಕೊಬ್ಬರು ಪರಿಚಯದವರನ್ನು ಮೊದಲೇ ಗುರುತಿಸಿಕೊಂಡು ಒಂದು ವಾಕ್ಯ ಒಬ್ಬರಿಗೆ ಹೇಳಲಿ. ಆ ಮೂವರಿಗೆ ತಲೆಯಾಡಿಸಲು ಹೇಳಿಡಿ.

ರಾಗ ಎಳೆಯುವುದು ಇನ್ನೊಂದು ದೊಡ್ಡ ದೋಷ. ಪ್ರತಿ ವಾಕ್ಯದ ಕೊನೆಯನ್ನೂ ಮೇಲಕ್ಕೆ ಎಳೆದು ಮಗ್ಗಿಯಂತೆ ಒಪ್ಪಿಸುವುದು ಬಾಯಿಪಾಠದ ಗುರುತು. ಮಧ್ಯೆ ತಡೆದು "ಇದನ್ನೇ ಅಜ್ಜನಿಗೆ ಹೇಳುವುದಾದರೆ ಹೇಗೆ ಹೇಳುತ್ತೀಯ?" ಎಂದು ಕೇಳಿ. ಅಭ್ಯಾಸದಲ್ಲಿ ನಡುವೆ ತಡೆಯಲು ಅವಕಾಶ ಇರುವುದು ಇದೊಂದಕ್ಕೇ.

ತಾಳಮದ್ದಳೆಯಿಂದ ಕಲಿಯುವುದು

ಈ ಸೀಮೆಯಲ್ಲಿ ಮಾತಿನ ದೊಡ್ಡ ಶಾಲೆಯೊಂದು ಮೊದಲಿನಿಂದ ಇದೆ. ತಾಳಮದ್ದಳೆ ಯಕ್ಷಗಾನದ್ದೇ ಒಂದು ಬಗೆ, ಆದರೆ ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪದ್ಯದ ಆಶಯವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಎದುರಿನ ಪಾತ್ರಧಾರಿ ಏನು ಹೇಳುತ್ತಾನೆ ಎಂದು ಮೊದಲೇ ಗೊತ್ತಿಲ್ಲದ್ದರಿಂದ ಕಿವಿಗೊಟ್ಟು ಕೇಳಿ, ಅವನ ಕೊನೆಯ ಮಾತನ್ನೇ ಹಿಡಿದು ಉತ್ತರಿಸಬೇಕು.

ಮಕ್ಕಳಿಗೆ ಇದನ್ನು ಸಣ್ಣದಾಗಿ ಮಾಡಿಸಿ. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬ ವಾಲಿ, ಒಬ್ಬ ರಾಮ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳಲಿ, ರಾಮ ಉತ್ತರಿಸಲಿ. ಒಬ್ಬರಿಗೆ ಒಂದು ಸಲಕ್ಕೆ ಒಂದು ನಿಮಿಷ, ಮೂರು ಸರದಿ. ಬರೆದ ಮಾತು ಕೊಡಬೇಡಿ, ಕಥೆ ಮಾತ್ರ ಹೇಳಿಡಿ. ನಿಯಮ ಎರಡೇ: ಎದುರಿನವರ ಮಾತು ಮುಗಿಯುವ ತನಕ ಬಾಯಿ ಹಾಕಬಾರದು, ಅವರು ಹೇಳಿದ್ದರಲ್ಲಿ ಒಂದು ಅಂಶವನ್ನಾದರೂ ಎತ್ತಿಕೊಂಡೇ ತನ್ನದನ್ನು ಹೇಳಬೇಕು. ಮುಂದಿನ ವಾರ ಪಾತ್ರ ಅದಲುಬದಲು. ಪುರಾಣದ ರೂಢಿ ಇಲ್ಲದ ಮನೆಗಳಲ್ಲಿ ಊರಿನ ವಿಷಯವೇ ಆದೀತು: ಶಾಲೆಗೆ ಬಸ್ಸು ಬೇಕೋ, ಸೈಕಲ್ ಸಾಕೋ. ಕೂತು ಮಾತಾಡುವುದರಿಂದ ಕಾಲು ನಡುಗುವ ಚಿಂತೆ ಇಲ್ಲ, ಪಾತ್ರದ ಹೆಸರಿನಲ್ಲಿ ಆಡುವುದರಿಂದ ತಪ್ಪಿದರೆ ತನಗೆ ಅವಮಾನ ಎಂಬ ಅಳುಕೂ ಇಲ್ಲ. ತೀರ ಸಂಕೋಚದ ಮಕ್ಕಳಿಗೆ ನಾವು ಮೊದಲು ಹೇಳುವುದು ಇದನ್ನೇ.

ಶಾಲೆಯಲ್ಲಿ

ಪ್ರತಿಭಾ ಕಾರಂಜಿ ಬಂದಾಗ ಪ್ರತಿವರ್ಷ ಅದೇ ಇಬ್ಬರು ಜಾಣ ಮಕ್ಕಳನ್ನು ಕ್ಲಸ್ಟರ್ ಮಟ್ಟಕ್ಕೆ ಕಳಿಸುವುದು ಶಾಲೆಗೆ ಸುಲಭ, ಉಳಿದ ಇಪ್ಪತ್ತೆಂಟು ಮಕ್ಕಳಿಗೆ ಅನ್ಯಾಯ. ಪ್ರಾರ್ಥನೆಯ ಸಮಯದಲ್ಲಿ ದಿನಕ್ಕೆ ಐದು ಮಕ್ಕಳಿಗೆ ತಲಾ ಒಂದು ನಿಮಿಷ ಕೊಟ್ಟರೆ ಮೂವತ್ತು ಜನರ ತರಗತಿಯಲ್ಲಿ ಆರು ದಿನಕ್ಕೆ ಎಲ್ಲರ ಸರದಿ ಬರುತ್ತದೆ. ಒಬ್ಬರು ಸುದ್ದಿ, ಒಬ್ಬರು ಸುಭಾಷಿತ, ಒಬ್ಬರು ಇಂದಿನ ವಿಶೇಷ, ಒಬ್ಬರು ಒಗಟು, ಒಬ್ಬರು ನಿನ್ನೆ ಕಲಿತ ಒಂದು ವಿಷಯ. ಹಾಜರಿ ಪಟ್ಟಿಯ ಕ್ರಮದಲ್ಲೇ ಕರೆಯಿರಿ, ಕೈ ಎತ್ತಿದವರನ್ನಲ್ಲ. ತನ್ನ ಸರದಿ ಎಂದು ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅಂಜುವ ಮಗು ತಯಾರಾಗಿ ಬರುತ್ತದೆ. ಒಬ್ಬಂಟಿಯಾಗಿ ನಿಲ್ಲಲಾರದವರಿಗೆ ಮೊದಲ ತಿಂಗಳು ಜೊತೆಗಾರರನ್ನು ಕೊಡಿ, ಒಬ್ಬರು ಒಗಟು ಕೇಳಲಿ, ಇನ್ನೊಬ್ಬರು ಬಿಡಿಸಲಿ.

ತಿದ್ದುವ ಬಗೆ

ಮಾತು ಮುಗಿದ ಕೂಡಲೇ ತಪ್ಪುಗಳ ಪಟ್ಟಿ ಹೇಳಬೇಡಿ. ಮೊದಲು ಒಂದು ಒಳ್ಳೆಯ ಅಂಶ, ಅದೂ ನಿರ್ದಿಷ್ಟವಾಗಿ. "ಚೆನ್ನಾಗಿತ್ತು" ಎಂದರೆ ಮಗುವಿಗೆ ಏನೂ ದಕ್ಕದು. "ದೋಣಿ ದಡಕ್ಕೆ ಬಂತು ಎಂದು ಹೇಳಿ ಸ್ವಲ್ಪ ನಿಂತೆಯಲ್ಲ, ಆಗ ಮುಂದೇನು ಎಂದು ನಾವೆಲ್ಲ ಕಾದೆವು" ಎಂದರೆ ಅದು ಮುಂದಿನ ಸಲವೂ ನಿಲ್ಲುತ್ತದೆ. ಆಮೇಲೆ ತಿದ್ದಬೇಕಾದದ್ದು ಒಂದೇ ಒಂದು. ವಾರಕ್ಕೆ ಒಂದು ದೋಷ ಹಿಡಿದುಕೊಳ್ಳಿ: ಈ ವಾರ ವೇಗ, ಮುಂದಿನ ವಾರ ಕಣ್ಣು. ಹದಿನೈದು ದಿನಕ್ಕೊಮ್ಮೆ ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿ, ಹಳೆಯದನ್ನೂ ಹೊಸದನ್ನೂ ಮಗುವಿಗೇ ಕೇಳಿಸಿ. ವ್ಯತ್ಯಾಸ ಅದಕ್ಕೇ ಗೊತ್ತಾಗುತ್ತದೆ. ಆ ರೆಕಾರ್ಡನ್ನು ಕೇಳದೆ ಮಾಡದೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ಮುಂದೆ ನಿಮ್ಮೆದುರು ಮಾತಾಡಲೂ ಹಿಂಜರಿಯುತ್ತದೆ.

ಮರೆತಾಗ ಏನು ಮಾಡಬೇಕು ಎಂಬುದನ್ನೂ ಅಭ್ಯಾಸ ಮಾಡಿಸಬೇಕು. ನಿಲ್ಲು, ಒಂದು ಉಸಿರು, ಈಗ ಹೇಳಿದ ವಾಕ್ಯವನ್ನು ಇನ್ನೊಮ್ಮೆ ಹೇಳು, ಚೀಟಿ ನೋಡಿ ಮುಂದಿನ ಶಬ್ದಕ್ಕೆ ಹೋಗು. "ಸಾರಿ" ಎನ್ನುವುದು ಬೇಡ, ನಾಲಿಗೆ ಕಚ್ಚುವುದು ಬೇಡ. ಶನಿವಾರದ ಭಾಷಣದ ನಡುವೆ ಒಮ್ಮೆ ಬೇಕೆಂದೇ ಲೋಟ ಬೀಳಿಸಿ, ಬಾಗಿಲು ಬಡಿಯಿರಿ, ಆದರೆ ಹೀಗೆ ಮಾಡುತ್ತೇವೆ ಎಂದು ಮೊದಲೇ ಹೇಳಿರಿ. ತಡೆದ ಮೇಲೂ ಮುಂದುವರಿಸಬಹುದು ಎಂದು ಮಗುವಿಗೆ ಒಮ್ಮೆ ಮನದಟ್ಟಾದರೆ ಮರೆವಿನ ಹೆದರಿಕೆ ಅರ್ಧ ಹೋದಂತೆ.

ಮೈಕು ಮತ್ತು ಆ ದಿನ

ಎಷ್ಟೋ ಮಕ್ಕಳು ಕೆಡುವುದು ಮೈಕಿನಿಂದ. ತನ್ನದೇ ದನಿ ಸ್ಪೀಕರಿನಿಂದ ದೊಡ್ಡದಾಗಿ ತಿರುಗಿ ಬಂದಾಗ ಬೆಚ್ಚಿ ನಿಲ್ಲುತ್ತವೆ. ಮನೆಯಲ್ಲಿ ಸೌಟು ಅಥವಾ ಟಾರ್ಚ್ ಹಿಡಿಸಿ ರೂಢಿ ಮಾಡಿಸಿ: ತುಟಿಯಿಂದ ನಾಲ್ಕು ಬೆರಳು ದೂರ, ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಕೆಳಗೆ. ನೇರ ಹಿಡಿದರೆ ಪ, ಬ, ಭ ಹೇಳುವಾಗ ಗಾಳಿ ಬಡಿದು ಡಬ್ ಎನ್ನುತ್ತದೆ. ಮೈಕನ್ನು ಸ್ಪೀಕರಿನ ಕಡೆ ತಿರುಗಿಸಿದರೆ ಕುಂಯ್ ಎಂದು ಕೂಗುತ್ತದೆ, ಆದ್ದರಿಂದ ಸ್ಪೀಕರ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಲಿ. ಊದುವುದು, ಬೆರಳಲ್ಲಿ ಬಡಿಯುವುದು ಬೇಡ.

ಕಾರ್ಯಕ್ರಮದ ದಿನ ಅರ್ಧ ತಾಸು ಮುಂಚೆ ಹೋಗಿ. ಖಾಲಿ ವೇದಿಕೆಯ ಮೇಲೆ ಮಗು ಒಮ್ಮೆ ನಿಂತು ಎರಡು ವಾಕ್ಯ ಹೇಳಿ ಇಳಿಯಲಿ. ಸ್ಟ್ಯಾಂಡ್ ಎತ್ತರವಾಗಿದ್ದರೆ ಮೈಕಿನವರಿಗೆ ಆಗಲೇ ಹೇಳಿಡಿ. ದೊಡ್ಡವರ ಎತ್ತರಕ್ಕಿರುವ ಮೈಕಿಗೆ ಕತ್ತು ಚಾಚಿ ಮಾತಾಡಿದರೆ ದನಿ ಹೊರಡುವುದಿಲ್ಲ. ಶೌಚಾಲಯಕ್ಕೆ ಹೋಗಿ ಬರಲಿ, ನಾಲ್ಕು ಗುಟುಕು ನೀರು ಕುಡಿಯಲಿ. ಸರದಿಗೆ ಕಾಯುವಾಗ ಚೀಟಿ ಓದಿಸುತ್ತ ಕೂರಬೇಡಿ, ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಮೂರು ಸಲ ಉಸಿರಾಡಿಸಿ.

ಅಭ್ಯಾಸ ಸಾಲದ ಕಡೆ

ಮಗು ಉಗ್ಗುತ್ತಿದ್ದರೆ ಅದರ ಶಬ್ದವನ್ನು ನೀವು ಪೂರ್ತಿ ಮಾಡಬೇಡಿ, "ನಿಧಾನ ಹೇಳು" ಎಂದೂ ಹೇಳಬೇಡಿ. ಮುಖ ನೋಡುತ್ತ ಕಾಯಿರಿ. ಉಗ್ಗು ಆರು ತಿಂಗಳಾದರೂ ಹೋಗದಿದ್ದರೆ, ಮಾತಾಡುವಾಗ ಮುಖ ಬಿಗಿಯುತ್ತಿದ್ದರೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ ತಿಂಗಳಾದರೂ ಒಂದಕ್ಷರ ಆಡದಿದ್ದರೆ ಅದು ಬರೀ ನಾಚಿಕೆಯಲ್ಲದಿರಬಹುದು, ಮಕ್ಕಳ ವೈದ್ಯರನ್ನು ಕೇಳಿ. ಇಂಥ ಮಕ್ಕಳನ್ನು ವೇದಿಕೆಗೆ ತಳ್ಳಿದರೆ ಇನ್ನಷ್ಟು ಮುಚ್ಚಿಕೊಳ್ಳುತ್ತವೆ.

ಸ್ಪರ್ಧೆ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಬಹುಮಾನದ ಮಾತು ತೆಗೆಯಬೇಡಿ. ಬೇರೆ ಮಕ್ಕಳು ಏನು ಹೇಳಿದರು, ಯಾರ ಮಾತು ಇಷ್ಟವಾಯಿತು ಎಂದು ಕೇಳಿ. ಅದೂ ಮಾತಿನ ಅಭ್ಯಾಸವೇ. ಎರಡು ದಿನ ಬಿಡುವು ಕೊಟ್ಟು ಸೋಮವಾರದಿಂದ ಮತ್ತೆ ಹತ್ತು ನಿಮಿಷ ಶುರು ಮಾಡಿ. ಗೆದ್ದ ಭಾಷಣವನ್ನೇ ಮುಂದಿನ ಸ್ಪರ್ಧೆಗೂ ಒಯ್ಯುವ ಆಸೆ ಬರುತ್ತದೆ. ತಾಲೂಕು ಮಟ್ಟಕ್ಕೆ ಅದೇ ವಿಷಯ ಇದ್ದರೆ ಸರಿ, ಇಲ್ಲದಿದ್ದರೆ ಆ ಚೀಟಿ ಎತ್ತಿಟ್ಟು ಡಬ್ಬದಿಂದ ಹೊಸದೊಂದನ್ನು ತೆಗೆಸಿ.